ಹೊಗೆಗೂ ಸುಂಕ

ಸಿಗರೇಟಿನ ರೇಟು ಏರಿದ ಮರುದಿನ ನನ್ನ ಅಂಗಡಿ ಮುಂದೆ ಒಬ್ಬರಾದರೂ ಸರ್ಕಾರವನ್ನು ಬೈಯದೆ ಸಂಜೆಯಾದದ್ದು ನನಗೆ ನೆನಪಿಲ್ಲ. ಹೊಸಪೇಟೆ ಬಸ್ ಸ್ಟ್ಯಾಂಡಿನ ಎದುರು ಬೀಡಾ ಅಂಗಡಿ ನನ್ನದು. ಎಲೆ, ಅಡಿಕೆ, ಬಾಳೆಹಣ್ಣು, ಬೀಡಿ, ಸಿಗರೇಟು ಮಾರುತ್ತೇನೆ, ಸೇದುವುದಿಲ್ಲ. ತೆರಿಗೆ ಏರಿಸುವವರು ದೆಹಲಿಯಲ್ಲಿ ಇರುತ್ತಾರೆ, ಬೈಸಿಕೊಳ್ಳಲು ನಾನು ಇಲ್ಲಿರುತ್ತೇನೆ. ಆದರೂ ಬೇಜಾರಿಲ್ಲ. ಆ ಬೈಗುಳದ ಜೊತೆ ಬರುವ ನಗು ಬೇರೆ ಯಾವ ವ್ಯಾಪಾರದಲ್ಲಿ ಸಿಗಬೇಕು?

ಕೊಂಡದ್ದಕ್ಕೊಂದು, ಸುಟ್ಟದ್ದಕ್ಕೊಂದು

ಸಂಡೂರಿನಲ್ಲಿ ಅದಿರು ಲಾರಿ ಹೊಡೆಯುವ ಡ್ರೈವರೊಬ್ಬ ರಜೆಗೆ ಊರಿಗೆ ಹೊರಟಿದ್ದ. ನನ್ನ ಹತ್ತಿರ ಸಿಗರೇಟು ಕೊಂಡವನು ಬಸ್ ಸ್ಟ್ಯಾಂಡಿನೊಳಗೆ ಹೋಗಿ ಫ್ಯಾನಿನ ಕೆಳಗೇ ಹಚ್ಚಿದ. ಪೊಲೀಸ್ ಕಾನ್‌ಸ್ಟೆಬಲ್ ಹಿಡಿದು ದಂಡ ಕಟ್ಟು ಅಂದರು. ಡ್ರೈವರ್ ಅವರನ್ನು ನೇರ ನನ್ನ ಅಂಗಡಿಗೇ ಕರೆತಂದ.

“ಅಣ್ಣಾ, ನೀನ ಹೇಳು. ಇದ್ರಾಗ ಟ್ಯಾಕ್ಸ್ ಸೇರೇತೋ ಇಲ್ಲೋ?”

“ಸೇರೇತಿ” ಅಂದೆ.

“ಕೇಳಿದ್ರಾ ಸಾರ್? ತಗಳಾಕೂ ಸರಕಾರಕ್ಕ ರೊಕ್ಕ, ಸುಡಾಕೂ ಸರಕಾರಕ್ಕ ರೊಕ್ಕ. ಇದು ಯಾವ ನ್ಯಾಯ ರೀ?”

ಕಾನ್‌ಸ್ಟೆಬಲ್ ಹಳೆ ಆಸಾಮಿ. ರಸೀದಿ ಹರಿಯುತ್ತಲೇ ಹೇಳಿದರು: “ಟ್ಯಾಕ್ಸ್ ತಗಂಡಿದ್ದಕ್ಕಪಾ. ದಂಡ ಸೇದಿದ್ದಕ್ಕ. ತಗಂಡು, ಕಿಸೆದಾಗ ಇಟ್ಗಂಡು, ಸುಮ್ನ ಮನಿಗೆ ಹೋಗಿದ್ರ ನಿನಗ ಯಾರು ಏನಂತಿದ್ರು? ಸರಕಾರಕ್ಕ ಬೇಕಾಗಿರಾದು ಅಂಥಾ ಗಿರಾಕಿನ!”

ಮಾಸ್ತರ ಆಶೀರ್ವಾದ

ನಮ್ಮ ಓಣಿಯ ನಿವೃತ್ತ ಮಾಸ್ತರು ದಿನಾ ಮುಂಜಾನೆ ಪೇಪರ್ ಓದಲು ನನ್ನ ಅಂಗಡಿಗೆ ಬರುತ್ತಾರೆ. ಸಿಗರೇಟು ಕೊಳ್ಳುವವರಿಗೆಲ್ಲ ‘ಬಿಟ್ಟುಬಿಡ್ರಿ’ ಅಂತ ಬುದ್ಧಿ ಹೇಳಿ ನನ್ನ ವ್ಯಾಪಾರಕ್ಕೆ ಕಲ್ಲು ಹಾಕುವುದು ಅವರ ಅಭ್ಯಾಸ. ಒಂದು ದಿನ ಸಿಗರೇಟು ಹಚ್ಚಿ ನಿಂತಿದ್ದ ತೆರಿಗೆ ಆಫೀಸಿನ ಗುಮಾಸ್ತರು ಅವರ ಕೈಗೆ ಸಿಕ್ಕಿಬಿದ್ದರು.

“ಅಲ್ರೀ, ವಿಷ ಅಂತ ಗೊತ್ತಿದ್ರ ಬಂದ್ ಮಾಡ್ರಿ. ವಿಷ ಅಲ್ಲಂದ್ರ ಬಡವನ ಕಿಸೆಕ್ಕ ಯಾಕ ಕೈ ಹಾಕ್ತೀರಿ? ಮಂದಿ ಕೆಮ್ಮಿದ ರೊಕ್ಕದಾಗ ರಾಜ್ಯ ಆಳಾದು ಧರ್ಮ ಏನ್ರಿ?”

ಗುಮಾಸ್ತರು ಸಮಾಧಾನದಿಂದ ಹೊಗೆ ಬಿಟ್ಟರು. “ಮಾಸ್ತರ, ನಾ ಕೊಟ್ಟ ಟ್ಯಾಕ್ಸ್ ತಿಂಗಳಾದ ಮ್ಯಾಲ ಪಗಾರ ಆಗಿ ನನಗ ವಾಪಸ್ ಬರತೈತಿ. ಮತ್ತ ನಿಮಗೂ ಬರತೈತಲ್ರಿ, ಪೆನ್ಷನ್ ಆಗಿ.”

ಮಾಸ್ತರ ಕೈಯಲ್ಲಿದ್ದ ಪೇಪರ್ ಕೆಳಗಿಳಿಯಿತು. “ಅಂದ್ರ ನನ್ನ ಪೆನ್ಷನ್ನಿನಾಗ ಈ ಹೊಗಿ ಐತೇನು?”

“ಅಲ್ಪಸ್ವಲ್ಪ ಇರತೈತ್ರಿ.”

ಮರುದಿನದಿಂದ ಮಾಸ್ತರು ಯಾರಿಗೂ ಬಿಡಿ ಅನ್ನಲಿಲ್ಲ. ಪ್ಯಾಕು ಕೊಂಡವರ ಬೆನ್ನು ಸವರಿ, “ಆರೋಗ್ಯ ಕಾಪಾಡ್ಕೋರಿ, ಭಾಳ ವರ್ಷ ಬಾಳ್ರಿ” ಎಂದು ಹರಸತೊಡಗಿದರು.

ಮೆಲ್ಲಗೆ ಮಾತಾಡಿ

ಹಂಪಿಯ ಗೈಡೊಬ್ಬ ನಮ್ಮ ಗಿರಾಕಿ. ರೇಟು ಏರಿದ ದಿನ, ತಾನು ಸುತ್ತಾಡಿಸುತ್ತಿದ್ದ ವಿದೇಶಿ ಹೆಂಗಸಿಗೆ ಪ್ಯಾಕು ತೋರಿಸಿ ತನ್ನ ಸಂಕಟ ತೋಡಿಕೊಂಡನಂತೆ. ಆಕೆ ಕಣ್ಣರಳಿಸಿ, “ಇಷ್ಟು ಅಗ್ಗವೇ! ನಮ್ಮ ದೇಶದಲ್ಲಿ ತೆರಿಗೆ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ” ಎಂದು ಜೋರಾಗಿ ಹೇಳಿದಳು. ಇವನು ಆಚೆ ಈಚೆ ನೋಡಿ ಕೈಮುಗಿದನಂತೆ: “ಮೇಡಂ, ಮೆಲ್ಲಕ ಮಾತಾಡ್ರಿ. ನಮ್ಮ ಸರಕಾರದೋರಿಗೆ ಕೇಳಿಸೀತು!”

ಸಾವ್ಕಾರರ ಬೀಡಿ

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇರುವ ಸಾವ್ಕಾರರು ಹೊಸಪೇಟೆಗೆ ಬಂದಾಗಲೆಲ್ಲ ನನ್ನಲ್ಲೇ ಸಿಗರೇಟು ಕೊಳ್ಳುತ್ತಾರೆ. ರೇಟು ಏರಿದ್ದು ಕೇಳಿ ಅವರಿಗೆ ರೇಗಿತು.

“ರೊಕ್ಕ ಇಲ್ಲಂತಲ್ಲ. ನನ್ನ ಚಟದ ಮ್ಯಾಲ ಅವರ್ಯಾಕ ಬದುಕಬೇಕು? ಬೀಡಿ ಕೊಡು, ಅದಕ್ಕ ಟ್ಯಾಕ್ಸ್ ಕಮ್ಮಿ.”

ಕಟ್ಟು ಹಿಡಿದುಕೊಂಡು ಕಂಪ್ಲಿಗೆ ಹೋದರು. ಗಿರಣಿ ಮುಂದೆ ಕುಂತು ಬೀಡಿ ಹಚ್ಚಿದರು. ಚೀಲ ಹೊರುತ್ತಿದ್ದ ಹಮಾಲರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯ ಹತ್ತಿರ ಬಂದು, “ಯಜಮಾನ್ರ, ಎಲ್ಲಾ ಸರಿ ಹೋಗತೈತ್ರಿ. ಧೈರ್ಯ ಬಿಡಬ್ಯಾಡ್ರಿ” ಅಂದ. ಏನು ಸರಿಹೋಗಬೇಕೋ ಸಾವ್ಕಾರರಿಗೆ ತಿಳಿಯಲಿಲ್ಲ.

ಸಂಜೆಯೊಳಗೆ ಊರ ಚಹಾದ ಅಂಗಡಿಗಳಲ್ಲೆಲ್ಲ ಒಂದೇ ಸುದ್ದಿ: ಸಾವ್ಕಾರ ಬೀಡಿಗೆ ಬಂದಾನ, ಗಿರಣಿ ಮುಳುಗೇತಿ. ಮರುದಿನ ಭತ್ತದ ಟ್ರ್ಯಾಕ್ಟರುಗಳು ಇವರ ಗೇಟು ದಾಟಿ ಮುಂದಿನ ಗಿರಣಿಗೆ ಹೋದವು. ಅದರ ಮರುದಿನ ಮಾವನವರು ಬಸ್ಸಿಳಿದು, ಕಣ್ಣೊರೆಸಿಕೊಳ್ಳುತ್ತಾ, “ನಮಗ ಒಂದ್ ಮಾತು ಹೇಳಬಾರದಿತ್ತಾ ಅಳಿಯಂದ್ರ?” ಅಂದರು.

ವಾರ ತುಂಬುವ ಮೊದಲೇ ಸಾವ್ಕಾರರು ನನ್ನ ಮುಂದೆ ಹಾಜರ್. “ಜಲ್ದಿ ಸಿಗರೇಟ್ ಕೊಡೋ ತಮ್ಮಾ. ದೊಡ್ಡ ಪ್ಯಾಕು. ಅಂಗಿ ಕಿಸೆದಾಗಿಂದ ಹೊರಗ ಕಾಣಬೇಕು.”

“ಮತ್ತ ಟ್ಯಾಕ್ಸ್ ರೀ?”

“ಅದು ಟ್ಯಾಕ್ಸ್ ಅಲ್ಲಲೇ, ಗಿರಣಿ ಜಾಹೀರಾತಿನ ಖರ್ಚು!”

ಮನೆಯ ಬಜೆಟ್

ಗಾದಿಗನೂರಿನ ಫಿಟ್ಟರೊಬ್ಬರು ದಿನಾ ಫ್ಯಾಕ್ಟರಿಯಿಂದ ಬಂದು ಇಲ್ಲಿ ಬಸ್ ಬದಲಿಸುವಾಗ ಒಂದು ಪ್ಯಾಕು ಒಯ್ಯುತ್ತಿದ್ದರು. ಕೆಮ್ಮು ಹಿಡಿದಿತ್ತು. ಡಾಕ್ಟರು ಹೇಳಿದರು, ಹೆಂಡತಿ ಅತ್ತಳು, ಬಿಡಲಿಲ್ಲ. ಕೊನೆಗೆ ಆಕೆ ಅಡಿಗೆಮನೆಯಲ್ಲಿ ಒಂದು ಡಬ್ಬಿ ಇಟ್ಟು, ಸಿಗರೇಟಿಗೆ ಎಷ್ಟು ಖರ್ಚೋ ಅಷ್ಟೇ ರೊಕ್ಕ ಇದರಲ್ಲೂ ಹಾಕಬೇಕು ಅಂತ ಕಾನೂನು ಮಾಡಿದಳು.

“ಸರಕಾರ ಕೇಳಿದ್ರ ಸುಮ್ನ ಕೊಡ್ತೀರಿ. ನಾ ಕೇಳಿದ್ರ ಯಾಕ ಕೊಡಲ್ಲ? ಸರಕಾರ ನಿಮಗ ರೊಟ್ಟಿ ಬಡಿದು ಹಾಕತೈತೇನು?”

ಇದನ್ನು ನನಗೆ ಹೇಳಿದ್ದು ಫಿಟ್ಟರೇ, ಪ್ಯಾಕಿನ ಜೊತೆ ಡಬ್ಬಿಗೂ ಚಿಲ್ಲರೆ ಕೇಳುತ್ತಾ. ಎರಡು ಕಡೆ ತೆರಿಗೆ ಕಟ್ಟಿ ಕಟ್ಟಿ ಸುಸ್ತಾಗಿ ಕಡಿಮೆ ಮಾಡಿದರು, ಆಮೇಲೆ ಪೂರಾ ಬಿಟ್ಟರು. ನನಗೊಂದು ಗಿರಾಕಿ ಹೋಯಿತು, ಆದರೂ ಮನಸ್ಸಿಗೆ ಹಿತವೆನಿಸಿತು.

ಒಂದು ಸಂಜೆ ಆಕೆಯೇ ಅಂಗಡಿಗೆ ಬಂದಳು. “ಅಣ್ಣಾರ, ನಮ್ಮನಿಯವ್ರು ಕದ್ದು ಏನರ ಬರ್ತಾರೇನ್ರಿ?”

“ಇಲ್ಲವಾ, ಖರೇನ ಬಿಟ್ಟಾರ.”

ಆಕೆಯ ಕಣ್ಣುಗಳು ತುಂಬಿದವು. “ಈಗ ಕೆಮ್ಮಿಲ್ರಿ. ಮನಿ ಮಂದೆಲ್ಲಾ ನಿದ್ದಿ ಮಾಡ್ತೀವಿ.”

ಇಷ್ಟಾದರೂ ಆಕೆ ಹೋಗಲೊಲ್ಲಳು.

“ಮತ್ತೇನವಾ?”

“ಡಬ್ಬಿ ರೊಕ್ಕದಾಗ ವಾಷಿಂಗ್ ಮಷಿನ್ ತಗಳಾನ ಅಂದ್ಕಂಡಿದ್ದೆ. ಇನ್ನಾ ಸ್ವಲ್ಪ ಕಮ್ಮಿ ಬಿದ್ದೈತ್ರಿ.”

“ಅಂದ್ರ ಮತ್ತ ಸೇದಾಕ ಹಚ್ಚಬೇಕಂತೀಯೇನು?”

“ಅಯ್ಯ, ಬಿಡ್ತು ಅನ್ರಿ!” ಅಂದವಳು ಸುತ್ತ ನೋಡಿ, ಹತ್ತಿರ ಬಾಗಿ, ದನಿ ತಗ್ಗಿಸಿದಳು. “ಅದನ್ನ ಬಿಟ್ಟಾಗಿಂದ ದಿನಾ ಸಂಜಿಕೆ ಮಂಡಕ್ಕಿ ಮಿರ್ಚಿ ತಿನ್ನಾಕತ್ತಾರ. ನಿಮಗ ಈ ವ್ಯವಹಾರ ಗೊತ್ತಿರತೈತಿ, ಹೇಳ್ರಿ. ಮಿರ್ಚಿಗೆ ಎಷ್ಟು ಟ್ಯಾಕ್ಸ್ ಹಾಕಬಹುದ್ರಿ?”