ಅರ್ಧ ಮಿಲಿಮೀಟರಿನ ಹೊಟ್ಟೆನೋವು

ಎಲೆಕ್ಟ್ರಾನಿಕ್ಸ್ ನನಗೆ ಹೊಸದಲ್ಲ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಯಂತ್ರಗಳ ಹೊಟ್ಟೆ ಬಗೆದವನು ನಾನು. ಹೆಂಡತಿ ಸರೋಜ ಇಲ್ಲೇ ಚನ್ನಪಟ್ಟಣದಲ್ಲಿ ವಿಜ್ಞಾನದ ಟೀಚರು. ಅವಳು ಒಂದು ದಿನ, "ಶಾಲೆ ವಿಜ್ಞಾನ ಮೇಳದಲ್ಲಿ ನಮ್ಮೂರ ಮರದ ಬೊಂಬೆ ರೋಬೋಟ್ ಆಗಿ ಓಡ್ಬೇಕು. ಹೆಡ್‌ಮಿಸ್‌ಗೆ ಮಾತು ಕೊಟ್ಬುಟ್ಟಿದ್ದೀನಿ, ನನ್ ಮಾನ ಕಳೀಬೇಡಿ" ಎಂದಾಗ ನಕ್ಕುಬಿಟ್ಟೆ. ನಾನಿರುವಾಗ ಮಾನಕ್ಕೇನು ಭಯ!

ಪಕ್ಕದ ಬೀದಿಯಲ್ಲಿ ಬೊಂಬೆ ಮಾಡುವ ಅಮೀರ್ ಸಾಬರು ಒಂದು ದುಂಡು ಬೊಂಬೆ ಕಡೆದು, ಹೊಟ್ಟೆ ಟೊಳ್ಳು ಮಾಡಿ ತೋರಿಸಿದರು. ನಾನು ಅಳತೆಗೆ ಕೈಹಾಕಿದೆ.

"ತಡೀರಿ ಸಾರ್, ಹಸಿ ಮರ ಐತೆ. ಒಣಗ್ಲಿ, ಆಮೇಲೆ ಅಳ್ತೆ ತಗೊಳ್ಳಿ."

"ಮರ ತಾನೆ ಸಾಬ್ರೇ, ಎಲ್ಲಿಗೆ ಓಡೋಯ್ತದೆ?"

ಆಗಲೇ ಅಳತೆ ತೆಗೆದುಕೊಂಡು, ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. ಎರಡು ಮೋಟಾರು ಓಡಿಸುವ, ಅಡ್ಡ ಬಂದದ್ದನ್ನು ಕಂಡು ತಿರುಗುವ ಸರ್ಕ್ಯೂಟ್ ಬೋರ್ಡನ್ನು ಬಿಸ್ಕತ್ತಿನಷ್ಟಕ್ಕೆ ಇಳಿಸಿದೆ. ಅಂಚಿನವರೆಗೂ ತಾಮ್ರದ ಗೆರೆ ಎಳೆದು, ಒಂದು ಕೂದಲಿನಷ್ಟು ಜಾಗವನ್ನೂ ವ್ಯರ್ಥ ಮಾಡಲಿಲ್ಲ. ಐದು ಬೋರ್ಡುಗಳಿಗೆ ಆರ್ಡರ್ ಕೊಟ್ಟೆ. ಅವು ಬರಲು ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ಮರ ಒಣಗಿತು. ಒಣಗಿ, ಕುಗ್ಗಿತು. ಬೋರ್ಡು ಬೊಂಬೆಯ ಬಾಗಿಲಲ್ಲೇ ನಿಂತುಬಿಟ್ಟಿತು. ಬರೀ ಅರ್ಧ ಮಿಲಿಮೀಟರು! ಮೇಳಕ್ಕೆ ಉಳಿದದ್ದು ಎರಡೇ ದಿನ.

ಗಂಡಸು ಹೆದರಬಾರದೆಂದು ಅರ ತೆಗೆದುಕೊಂಡು ಬೋರ್ಡಿನ ಅಂಚು ಉಜ್ಜಿದೆ. ಹೊಟ್ಟೆಯೊಳಗೆ ಅಂದವಾಗಿ ಕೂತಿತು. ಆದರೆ ಅಂಚಿನ ತಾಮ್ರದ ಗೆರೆಯೂ ಉಜ್ಜಿಹೋಗಿ ಬೋರ್ಡು ತೀರಿಕೊಂಡಿತ್ತು. ಎರಡನೆಯದನ್ನು ಇನ್ನೊಂದು ಕಡೆಯಿಂದ ಉಜ್ಜಿದೆ. ಆ ಕಡೆಯೂ ಗೆರೆಯಿತ್ತು. ಎಳೆದವನು ನಾನೇ! ಮೂರನೆಯದನ್ನು ಸುತ್ತಿಗೆಯಿಂದ ಮೆಲ್ಲಗೆ ಒಳಗೆ ತಳ್ಳಲು ಹೋಗಿ ಎರಡು ಹೋಳು ಮಾಡಿದೆ. ಸಿಟ್ಟಿನಲ್ಲಿ ನಾಲ್ಕನೆಯದಕ್ಕೆ ಬ್ಯಾಟರಿಯನ್ನು ತಿರುಗಾಮುರುಗಾ ಕೊಟ್ಟೆ. ಹೊಗೆ ಬಂತು.

"ಏನ್ರೀ ಅದು ಸುಟ್ಟ ವಾಸ್ನೆ?" ಸರೋಜ ಅಡುಗೆಮನೆಯಿಂದ ಕೂಗಿದಳು.

"ಟೆಸ್ಟಿಂಗು!"

ಅವಳು ಬಂದು ನೋಡಿದಳು. ಬೈಯಲಿಲ್ಲ. ಕಣ್ಣಲ್ಲಿ ನೀರು ಬಂತು. "ಮಕ್ಕಳಿಗೆಲ್ಲ ಹೇಳ್ಬುಟ್ಟಿದ್ದೀನಿ ಕಣ್ರೀ" ಎಂದಳು. ನನಗೆ ಭೂಮಿಗಿಳಿದುಹೋದಂತಾಯಿತು. ಅವಳು ಕೊನೆಯ ಬೋರ್ಡನ್ನೂ ಬೊಂಬೆಯನ್ನೂ ನನ್ನ ಕೈಯಿಂದ ಕಿತ್ತುಕೊಂಡು ನೇರ ಸಾಬರ ಮನೆಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ನಡೆದದ್ದನ್ನೆಲ್ಲ ಅವಳು ಸಾಬರಿಗೆ ಹೇಳಿದಳು.

ಸಾಬರು ಬೊಂಬೆಯನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ತಿರುಗಿಸಿ, ಉಳಿ ತಾಗಿಸಿದರು. ಸರ್ರ್! ಅಷ್ಟೇ. ಬೋರ್ಡು ಸದ್ದಿಲ್ಲದೆ ಒಳಗೆ ಕೂತಿತು.

"ಮರಾನ ಒಸಿ ಕೆರೆದ್ರೆ ಆಯ್ತಿತ್ತು ಸಾರ್. ಬೋರ್ಡನ್ನ್ಯಾಕೆ ಉಜ್ಜೋಕೋದ್ರಿ?"

ನಾನು ಬೋರ್ಡನ್ನು ಹೊರತೆಗೆದು ಹಿಡಿದುಕೊಂಡೆ. ಸಾಬರು ಬೊಂಬೆಯನ್ನು ಮತ್ತೆ ತಿರುಗಿಸಿ, ಆ ತಿಕ್ಕಾಟದ ಬಿಸಿಯಲ್ಲೇ ಕೆಂಪು ಅರಗಿನ ಬಣ್ಣವನ್ನೂ ಹಚ್ಚಿಕೊಟ್ಟರು.

ಮೇಳದ ದಿನ ಬೊಂಬೆ ಓಡಿತು! ಕೈ ಅಡ್ಡ ಹಿಡಿದರೆ ನಿಂತು, ತಿರುಗಿ, ಮತ್ತೆ ಓಡಿತು. ಮಕ್ಕಳು ಚಪ್ಪಾಳೆ ಹೊಡೆದರು, ಸರೋಜಳ ಮುಖ ಅರಳಿತು. ಹೆಡ್‌ಮಿಸ್ ನಮ್ಮ ಜೊತೆ ಬಂದಿದ್ದ ಸಾಬರ ಕೈ ಕುಲುಕಿ, "ಎಂಥ ಕೆಲಸ, ಎಂಥ ಬಣ್ಣ!" ಎಂದು ಹೊಗಳಿ, ಪಕ್ಕದಲ್ಲಿದ್ದ ನನ್ನತ್ತ ತಿರುಗಿ, "ಇವರು?" ಎಂದರು.

ನಾಲ್ಕು ಬೋರ್ಡುಗಳ ಕಥೆ ಎಲ್ಲಿ ಹೊರಬೀಳುತ್ತದೋ ಎಂದು ನಾನು ಸಾಬರ ಹಿಂದಕ್ಕೆ ಸರಿದೆ. ಸರೋಜ ಕರುಣೆಯಿಂದ ನನ್ನ ಮಾನ ಕಾಪಾಡಿದಳು: "ನಮ್ ಯಜಮಾನ್ರು ಮೇಡಮ್, ಬ್ಯಾಟರಿ ತಂದ್ಕೊಟ್ರು."

ಬ್ಯಾಟರಿಯನ್ನೂ ಅವಳೇ ತಂದಿದ್ದಳು.