ಪೈಪಿನ ಆಚೆ ತುದಿ

ಭಾನುವಾರ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುವ ಕಾಟ ತಪ್ಪಲೆಂದೇ ಹಯಗ್ರೀವ ಆ ಪ್ರೋಗ್ರಾಂ ಬರೆದದ್ದು. ಮಾವ ರಮಾಕಾಂತ ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಆರ್ಡರು ಕೂಗುವವರು, ಗಲ್ಲಾಕ್ಕೆ ಅಳಿಯ.

"ಕೂಗುವ ಕೆಲಸ ಕಂಪ್ಯೂಟರು ಮಾಡಿದ್ರೆ ಗಲ್ಲಾ ನಾನು ನೋಡಿಕೊಳ್ತೇನೆ. ನೀವು ಮನೇಲಿ ಮಲಗಿ ಅಳಿಯಂದ್ರೆ" ಎಂದು ರಾಯರು ಮಾತು ಕೊಟ್ಟಿದ್ದರು. ಐರೋಲಿಯ ಐಟಿ ಕಂಪನಿಯಲ್ಲಿ ವಾರವಿಡೀ ದುಡಿಯುವವನಿಗೆ ಇನ್ನೇನು ಬೇಕು?

ಒಂದೇ ಕಂಪ್ಯೂಟರು, ಎರಡು ಪರದೆ. ಗಲ್ಲಾದ ಪ್ರೋಗ್ರಾಂ ಆರ್ಡರು ಬರೆಯುತ್ತದೆ, ಅಡುಗೆಮನೆಯ ಪ್ರೋಗ್ರಾಂ ಓದಿ ತೋರಿಸುತ್ತದೆ. ನಡುವೆ ಒಂದು ನೇಮ್ಡ್ ಪೈಪು, ಈಚೆ ಬರೆದದ್ದನ್ನು ಆಚೆಗೆ ದಾಟಿಸುವ ಕೊಳವೆಯಂಥದ್ದು. ಹಯಗ್ರೀವ ಅದಕ್ಕೆ 'ದೋಸೆ' ಎಂದು ಹೆಸರಿಟ್ಟಿದ್ದ.

ಮೊದಲ ಭಾನುವಾರ, ಬೆಳಗಿನ ನೂಕುನುಗ್ಗಲಿನಲ್ಲೇ ಗಲ್ಲಾದ ಪರದೆ ಕಲ್ಲಿನಂತೆ ನಿಂತುಬಿಟ್ಟಿತು.

"ಎಂತ ಮಾರಾಯ್ರೆ ಇದು?" ಎಂದರು ರಾಯರು.

"ಆಚೆ ಓದುವವ ಇಲ್ಲದಿದ್ರೆ ಈಚೆ ಬರೆಯುವವ ಕಾಯ್ತಾನೆ ಮಾವ. ಬ್ಲಾಕಿಂಗ್ ಅಂತಾರೆ."

"ಜನ ಬೇರೆ ಏನೋ ಅಂತಿದ್ದಾರೆ, ಕೇಳಿ!"

ಕ್ಯೂ ಬಾಗಿಲು ದಾಟಿತ್ತು. "ಅಹೋ ಶೇಟ್, ಲವಕರ್!" ಎಂದು ಒಬ್ಬಾಕೆ ಮರಾಠಿಯಲ್ಲಿ ಅವಸರಿಸಿದಳು. ಘಣಸೋಲಿಯಲ್ಲಿ ಕಟ್ಟಡ ಕಟ್ಟಿಸುವ ಕಲಬುರಗಿಯ ಗುರುನಾಥ ಮುಂದೆ ಬಂದ. "ಬಂದ್ ಮಾಡಿ ಚಾಲೂ ಮಾಡ್ರಿ ಸರ್. ನಮ್ಮ ಕಾಂಕ್ರೀಟ್ ಮಿಕ್ಸರ್ ಹಂಗೇ ದಾರಿಗಿ ಬರ್ತದ."

ಅಡುಗೆಮನೆಗೆ ಹೋಗಿ ನೋಡಲು ಪುರುಸೊತ್ತೆಲ್ಲಿ? ಕಾಯುವುದನ್ನೇ ತೆಗೆದರಾಯಿತು! ಹಯಗ್ರೀವ ಪೈಪನ್ನು ನಾನ್-ಬ್ಲಾಕಿಂಗ್ ಮಾಡಿದ. ಆಚೆ ಯಾರೂ ಇಲ್ಲವೆಂಬ ತಕರಾರು ಬಂದರೆ ಲಕ್ಷ್ಯ ಕೊಡದೆ ಮುಂದೆ ಹೋಗು ಎಂದೂ ಬರೆದ. ಟೋಕನ್ನುಗಳು ಪಟಪಟನೆ ಉದುರಿದವು.

"ಭೇಷ್! ನಿಮ್ಮ ಭಾನುವಾರ ನಿಮಗೇ" ಎಂದರು ರಾಯರು.

ಅಬ್ಬಾ! ಹಯಗ್ರೀವ ಫ್ಯಾನಿನ ಕೆಳಗೆ ಕಾಲು ಚಾಚಿದ.

ಹೋಟೆಲು ತುಂಬಿತು. ಯಾವ ಮೇಜಿಗೂ ಚಟ್ನಿ ಸಹ ಬರಲಿಲ್ಲ.

"ಅಕ್ಕಿ ಈಗ ನೆನೆ ಹಾಕೀರೇನ್ರಿ?" ಗುರುನಾಥ ಗುಡುಗಿದ.

ಹಯಗ್ರೀವ ಅಡುಗೆಮನೆಗೆ ಓಡಿದ. ಕಾವಲಿ ಖಾಲಿ. ಪರದೆಯ ಮೇಲೆ ಯಕ್ಷಗಾನ. ಎದುರಿಗೆ ಅಡುಗೆಯ ಭುಜಂಗ, ಕೈಕಟ್ಟಿ ಕೂತು.

"ಭುಜಂಗಣ್ಣ, ಆರ್ಡರು?"

"ಎಲ್ಲಿ ಉಂಟು? ಆ ನಿಮ್ಮ ಪ್ರೋಗ್ರಾಂ ಸುಮ್ಮನೆ ಖಾಲಿ ಕೂತಿತ್ತು, ಮುಚ್ಚಿದೆ. ಇವತ್ತು ಗಿರಾಕಿಗಳೇ ಇಲ್ವಾ?"

ಓದುವವನಿಲ್ಲದ ಪೈಪಿಗೆ ಬರೆದ ಆರ್ಡರುಗಳೆಲ್ಲ ಗಾಳಿಗೆ ಹೋಗಿದ್ದವು.

ರಾಯರು ಬಂದವರೇ ಪರದೆಯ ವೈರು ಕಿತ್ತು ಅಳಿಯನನ್ನು ಬಾಗಿಲಲ್ಲಿ ನಿಲ್ಲಿಸಿದರು. "ಕೂಗಿ!"

ಅವನು ಕೂಗಿದ. ದೋಸೆ ಬಂತು. ಜನ ತಿಂದು ತಣ್ಣಗಾದರು. ರಾಯರ ಮುಖದಲ್ಲಿ ನಗು ಕಂಡಾಗ ಹಯಗ್ರೀವನಿಗೆ ಹೋದ ಜೀವ ಬಂದಂತಾಯಿತು.

"ಇನ್ನು ನೀವು ಗಲ್ಲಾದಲ್ಲಿ ಕೂರುವುದು ಬೇಡ ಅಳಿಯಂದ್ರೆ."

"ನಿಜವಾಗಿಯೂ ಮಾವ?"

"ನಾನು ಕೂರ್ತೇನೆ. ನಿಮ್ಮ ಗಂಟಲು ಒಳ್ಳೆದುಂಟು. ಭಾನುವಾರ ಇಲ್ಲೇ ನಿಲ್ಲಿ."

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. "ಎರಡು ಮಸಾಲೆ!" ಎಂದು ಹಯಗ್ರೀವ ಕೂಗಿದ. ಭುಜಂಗ ಬೆನ್ನು ಹಾಕಿ ಭಾಗವತರ ಪದ ಗುನುಗುತ್ತಿದ್ದ. ಅವನು ತಿರುಗುವ ತನಕ ಹಯಗ್ರೀವ ಅಲ್ಲೇ ಕಾಯುತ್ತ ನಿಂತ.