ಟವೆಲಿನ ಕೆಳಗೆ ಕೊಂಡ ಗಣಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಫೋನಿನಲ್ಲಿ ವಿಡಿಯೋ ಹಾಕಿದವನ ಮೇಲೆ ಸಿಟ್ಟು, ಕಡೂರಿನ ಸತೀಶನ ಮೇಲೆ ಸಿಟ್ಟು, ನಮ್ಮ ಮಾವನವರ ಟವೆಲಿನ ಮೇಲೆ ಸಿಟ್ಟು. ಪಟ್ಟಿಯ ಕೊನೆಯಲ್ಲಿ ಇನ್ನೊಬ್ಬನಿದ್ದಾನೆ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಅವನ ಮುಖ ನೋಡಬೇಕಾಗಿರುವುದರಿಂದ ಅವನ ವಿಷಯ ಆಮೇಲೆ.

ನಾನು ಅಜ್ಜಂಪುರದ ಒಂದು ಕಾಲೇಜಿನ ಕಚೇರಿಯಲ್ಲಿದ್ದೇನೆ. ಚಿಂತೆ ಮಾಡುವುದು ನನ್ನ ಖಾಯಂ ಹುದ್ದೆ; ಗುಮಾಸ್ತಿಕೆ ಹೆಚ್ಚುವರಿ ಪ್ರಭಾರ. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಬೀಗವನ್ನು ಎಳೆದು ನೋಡಿ, ಎಳೆದದ್ದರಿಂದ ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಬರುವವನು. ಇಂಥವನಿಗೆ ನಿವೃತ್ತಿಗೆ ಎಂಟೇ ವರ್ಷ ಉಳಿದಿದೆ ಎಂದು ಹೊಳೆದ ವಾರವೇ ಫೋನು ಆ ವಿಡಿಯೋ ತೋರಿಸಿತು. ನೀವು ಮಲಗಿದ್ದರೂ ನಿಮ್ಮ ಮಿಷನ್ ದುಡಿಯುತ್ತದೆ, ಮನೆಯಲ್ಲೇ ಕ್ರಿಪ್ಟೋ ಮೈನಿಂಗ್ ಮಾಡಿ ಎಂದು ಅದರಲ್ಲೊಬ್ಬ ನಗುನಗುತ್ತಾ ಕರೆಯುತ್ತಿದ್ದ.

ವಿಷಯ ಇಷ್ಟೇ. ಜಗತ್ತಿನ ತುಂಬ ಮಿಷನ್‌ಗಳು ಕೂತು ಒಂದೇ ಕಗ್ಗಂಟಿನ ಲೆಕ್ಕ ಬಿಡಿಸುತ್ತಿರುತ್ತವಂತೆ. ಮೊದಲು ಬಿಡಿಸಿದವರಿಗೆ ಕಣ್ಣಿಗೆ ಕಾಣದ ನಾಣ್ಯ ಬಹುಮಾನ. ಗುಂಪು ಕಟ್ಟಿಕೊಂಡು ಬಿಡಿಸಿದರೆ ದುಡಿದಷ್ಟು ಪಾಲು. ನಾಣ್ಯವನ್ನು ಅಗೆದು ತೆಗೆದ ಹಾಗೆ ಎಂದು ಅದಕ್ಕೆ ಗಣಿಗಾರಿಕೆ ಎಂಬ ಹೆಸರು. ಮಣ್ಣಿಲ್ಲ, ಗುದ್ದಲಿ ಇಲ್ಲ, ಬೆವರಿಲ್ಲ. ನನಗೆ ಹೇಳಿ ಮಾಡಿಸಿದ ಉದ್ಯೋಗ.

ಹದಿನೈದು ದಿನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಧ್ಯಯನ ಮಾಡಿದೆ. ಹೊಸ ಮಿಷನ್ನಿನ ಬೆಲೆ ನೋಡಿ ಪೆನ್ನು ಕೆಳಗಿಟ್ಟೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಕಂಪ್ಯೂಟರಿನ ಬೆಲೆ ನೋಡಿ ಪೆನ್ನಿಗೆ ಮುಚ್ಚಳ ಹಾಕಿದೆ. ಕೊನೆಗೆ ಉಳಿದದ್ದು ಸೆಕೆಂಡ್ ಹ್ಯಾಂಡ್ ಮಾಲು: ಎರಡು ಫ್ಯಾನಿನ, ಚಪ್ಪಲಿ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ, ಈ ಒಂದು ಕೆಲಸ ಬಿಟ್ಟು ಬೇರೇನೂ ಬಾರದ ಪೆಟ್ಟಿಗೆ. ಆ ಗುಣ ನನಗೆ ಬಹಳ ಆತ್ಮೀಯವೆನಿಸಿತು. ಕಡೂರಿನಲ್ಲಿ ಹಳೇ ಕಂಪ್ಯೂಟರ್ ಸಾಮಾನು ಮಾರುವ ಸತೀಶನ ಹತ್ತಿರ ಅಂಥದ್ದು ಇತ್ತು. ಫೋನಿನಲ್ಲಿ ಹದಿನಾಲ್ಕು ಸಾವಿರ ಹೇಳಿದ.

ಮನೆಯಲ್ಲಿ ವಿಷಯ ಮಂಡಿಸಿದೆ. ನನ್ನ ಹೆಂಡತಿ ನಾಗರತ್ನ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಆಗ ಅವಳ ಕೈಯಲ್ಲಿ ತರೀಕೆರೆಯ ಮದುವೆ ಹೆಣ್ಣಿನ ಒಂಬತ್ತು ಬ್ಲೌಸುಗಳಿದ್ದವು. ಗುರುವಾರ ಬೆಳಿಗ್ಗೆ ತಲುಪಿಸುವ ಮಾತು.

"ಮದುವೆ ಹೆಣ್ಣಿಂದು ಒಪ್ಕೊಂಡಿರೋದು ಇದೇ ಮೊದಲು ಕಣ್ರೀ," ಎಂದಳು. "ಸರಿ ಹೋದ್ರೆ ತರೀಕೆರೆ ಕಡೆಯೆಲ್ಲ ಹೆಸರಾಗುತ್ತೆ. ಕೆಟ್ರೆ ಇನ್ನೂ ಬೇಗ ಹೆಸರಾಗುತ್ತೆ. ನಿಮ್ಮ ಮಿಷನ್ನು ನನ್ನ ಮಿಷನ್ ಕಡೆ ತಲೆ ಹಾಕಬಾರದು, ಅಷ್ಟೇ."

"ಅದರ ಪಾಡಿಗೆ ಅದು ಮೂಲೇಲಿ ಇರುತ್ತೆ ಕಣೇ."

"ನೀವೂ ಹಂಗೇ ಅಂತ ನಮ್ಮಪ್ಪ ಹೇಳಿ ಮದುವೆ ಮಾಡಿದ್ರು."

ಆ ಅಪ್ಪನನ್ನೇ ನಾನು ಜೊತೆಗೆ ಕರೆದುಕೊಂಡು ಹೋದದ್ದು. ಕಾರಣವಿದೆ. ನನಗೆ ಚೌಕಾಸಿ ಬರುವುದಿಲ್ಲ. ಈರುಳ್ಳಿಯ ಊರಿನಲ್ಲಿದ್ದೂ ಈರುಳ್ಳಿಗೆ ಹೆಚ್ಚು ಕೊಟ್ಟು ಬರುವ ಏಕೈಕ ನಿವಾಸಿ ನಾನು. ಮಾವ ರುದ್ರಪ್ಪನವರೋ, ದೇವನೂರಿನ ಕಡೆ ನಲವತ್ತು ವರ್ಷ ಎತ್ತಿನ ವ್ಯಾಪಾರ ಕುದುರಿಸಿದವರು. ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಮೇಯುವ ದನವನ್ನು ದೂರದಿಂದ ನೋಡಿಯೇ ವಯಸ್ಸು ಹೇಳುವವರು.

ಸತೀಶನ ಅಂಗಡಿಯಲ್ಲಿ ಮಾವ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬೆನ್ನು ತಟ್ಟಿದರು. ಫ್ಯಾನಿನ ಬಾಯಿಗೆ ಕಣ್ಣಿಟ್ಟು ರೆಕ್ಕೆ ಎಣಿಸಿದರು.

"ಬಾಯಿ ಕೂಡಿರೋದು, ಹಲ್ಲೆಲ್ಲ ಬಂದಾಗೈತೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ವಯಸ್ಸಾಗೈತೆ. ಆದ್ರೂ ಮೈಕಟ್ಟು ಗಟ್ಟಿ." ಆಮೇಲೆ ಸತೀಶನಿಗೆ, "ಏನಪ್ಪಾ, ಮೇವೆಷ್ಟು ತಿನ್ತದೆ?"

ಸತೀಶ ಪೆಟ್ಟಿಗೆಯ ಹಿಂದಿನ ಚೀಟಿ ಓದಿದ. "ಒಂದೂಕಾಲು ಸಾವಿರ ವ್ಯಾಟು ಯಜಮಾನ್ರೇ."

"ದಿನಕ್ಕೋ, ಹೊತ್ತಿಗೋ?"

"ಯಾವಾಗ್ಲೂ."

"ಹೊಟ್ಟೆಬಾಕ," ಎಂದು ಮಾವ ಮೆಚ್ಚಿಕೊಂಡರು. "ಚೆನ್ನಾಗಿ ತಿನ್ನೋದು ಚೆನ್ನಾಗಿ ಗೇಯ್ತದೆ ಅಳಿಯಂದ್ರೇ."

ನನ್ನ ನೋಟ್‌ಬುಕ್ಕಿನಲ್ಲಿ ಇದೇ ಪ್ರಶ್ನೆಗೆ ನಾಲ್ಕು ಪುಟ ಮೀಸಲಿತ್ತು. ಅದನ್ನು ಚೀಲದಿಂದ ಹೊರಗೆ ತೆಗೆಯುವಷ್ಟರಲ್ಲಿ ಮಾವ ಹೆಗಲ ಮೇಲಿನ ಟವೆಲು ಕೊಡವಿ ಬಲಗೈ ಮೇಲೆ ಹಾಸಿಕೊಂಡು ಸತೀಶನ ಮುಂದೆ ಚಾಚಿದರು.

ನಮ್ಮ ಕಡೆ ಎತ್ತಿನ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಇಬ್ಬರೂ ಟವೆಲಿನ ಕೆಳಗೆ ಕೈಕೊಟ್ಟು ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯಬಾರದು ಎಂದು. ಸತೀಶ ನಕ್ಕು ಬೇಡ ಎನ್ನುತ್ತಾನೆಂದುಕೊಂಡೆ. ಅವನ ತಾತನೂ ಎತ್ತು ಮಾರುತ್ತಿದ್ದವರಂತೆ. ಸಂತೋಷದಿಂದ ಕೈ ತೂರಿಸಿಯೇಬಿಟ್ಟ.

ಐದು ನಿಮಿಷ ಟವೆಲು ಅಲ್ಲಾಡಿತು. ಮಾವ ಸೂರು ನೋಡುತ್ತಿದ್ದರು. ಸತೀಶ ಮುಖ ಹಿಂಡುತ್ತಿದ್ದ. ದುಡ್ಡು ಕೊಡಬೇಕಾದ ನಾನು, ಸುತ್ತ ನಿಂತವರ ಪೈಕಿ.

"ಹತ್ತಕ್ಕೆ ಮುಗೀತು," ಎಂದು ಮಾವ ಟವೆಲು ಮತ್ತೆ ಹೆಗಲಿಗೆ ಹಾಕಿದರು.

ಹದಿನಾಲ್ಕರದ್ದು ಹತ್ತಕ್ಕೆ! ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಸತೀಶ ಒಳಗಿನಿಂದ ಇನ್ನೊಂದು ಪೆಟ್ಟಿಗೆ ತಂದು ಮೊದಲನೆಯದರ ಪಕ್ಕದಲ್ಲಿಟ್ಟ.

"ಇದು ಯಾರಿಗೆ?" ಎಂದೆ.

"ನಿಮಗೇ ಸಾರ್. ಯಜಮಾನ್ರು ಜೋಡಿ ಕೇಳಿದ್ರು."

ಮಾವ ನನ್ನನ್ನು ಮರುಕದಿಂದ ನೋಡಿದರು. "ಒಂಟೆತ್ತು ಕಟ್ಕೊಂಡು ಯಾವನಾದ್ರೂ ಬೇಸಾಯ ಮಾಡ್ತಾನಾ ಅಳಿಯಂದ್ರೇ? ಜೋಡಿ ಹತ್ತು ಸಾವಿರಕ್ಕೆ ಬಂದೈತೆ. ಸುಮ್ನೆ ಕೊಟ್ಟು ಎದ್ದೇಳಿ."

"ಜೋಡಿಗಲ್ಲ ಯಜಮಾನ್ರೇ, ಒಂದೊಂದಕ್ಕೆ ಹತ್ತು," ಎಂದ ಸತೀಶ. "ಮೊದ್ಲು ಎರಡು ಬೆರಳು ಹಿಡಿದ್ರಿ, ಎರಡು ಮಿಷನ್ನು ಅಂತ. ಆಮೇಲೆ ಐದು, ಮತ್ತೈದು ಹಿಡಿದ್ರಿ. ಒಂದಕ್ಕೆ ಹತ್ತು."

ಒಂದು ಟವೆಲಿನ ಕೆಳಗೆ ಮೂರು ವ್ಯಾಪಾರ ನಡೆದಿತ್ತು. ಮಾವ ಕೊಂಡದ್ದು ಹತ್ತಕ್ಕೆ ಎರಡು. ಸತೀಶ ಮಾರಿದ್ದು ಇಪ್ಪತ್ತಕ್ಕೆ ಎರಡು. ನಾನು ಕೊಳ್ಳಲು ಬಂದದ್ದು ಒಂದು.

ನಾನು ರೇಗಿದೆ. ಸತೀಶ ಶಾಂತವಾಗಿ ಹೇಳಿದ: "ನಂಗೆ ಬೇಜಾರಿಲ್ಲ ಸಾರ್, ಬೇಡ ಅಂದ್ರೆ ಬಿಡಿ. ಆದ್ರೆ ಟವೆಲ್ ಕೆಳಗೆ ಕೈ ಕೊಟ್ಟಿದ್ದು ಯಜಮಾನ್ರು."

ಆ ಮಾತು ಮಾವನಿಗೆ ನಾಟಿತು. ಮುಖ ಕೆಂಪಾಯಿತು. "ಕೈ ಕೊಟ್ಟ ಮೇಲೆ ಮಾತು ಹಿಂದಕ್ಕೆ ತಗಳ್ಳೋ ವಂಶ ಅಲ್ಲ ನಮ್ದು. ಕೊಡಿ ಅಳಿಯಂದ್ರೇ."

ವಂಶ ಅವರದು, ದುಡ್ಡು ನನ್ನದು. ಕೊಟ್ಟೆ.

ಬೀರೂರಿನ ಮೇಲೆ ಅಜ್ಜಂಪುರಕ್ಕೆ ಬರುವ ಬಸ್ಸಿನಲ್ಲಿ ಜೋಡಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತೆವು. ಮಾವ ದಾರಿಯುದ್ದಕ್ಕೂ ಬೆರಳು ಮಡಚಿ ಲೆಕ್ಕ ಹಾಕಿದರು. ಇಳಿಯುವಾಗ, "ನೀವು ಮೊದ್ಲೇ ಒಂದು ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು," ಎಂದರು. ಟವೆಲಿನ ಕೆಳಗೆ ಬಾಯಿಗೆಲ್ಲಿ ಜಾಗ ಎಂದು ನಾನು ಕೇಳಬೇಕಿತ್ತು. ಹೊಳೆದದ್ದು ಮೂರು ದಿನದ ಮೇಲೆ.

ಹೊಲಿಗೆ ಕೋಣೆಯ ಹಿಂದಿನ ಉಗ್ರಾಣದಲ್ಲಿ ಎರಡನ್ನೂ ಇಟ್ಟು, ವೈರು ಜೋಡಿಸಿ, ಊದಿನಕಡ್ಡಿ ಹಚ್ಚಿ, ಸ್ವಿಚ್ಚು ಹಾಕಿದೆ. ವಿಡಿಯೋದಲ್ಲಿ ಹಿನ್ನೆಲೆಗೆ ಕೊಳಲಿನ ಸಂಗೀತವಿತ್ತು. ನನ್ನ ಉಗ್ರಾಣದಿಂದ ಹೊರಟ ಶಬ್ದಕ್ಕೆ ಗೋಡೆಯ ಹಲ್ಲಿ ಕೆಳಗೆ ಬಿತ್ತು. ಅದೇ ಗಳಿಗೆಗೆ ಮುಂದಿನ ಕೋಣೆಯಲ್ಲಿ ನಾಗರತ್ನಳ ಕರೆಂಟಿನ ಹೊಲಿಗೆ ಮಿಷನ್ನು ವೋಲ್ಟೇಜ್ ಸಾಲದೆ ಉಬ್ಬಸದವರಂತೆ ಎಳೆದೆಳೆದು ನಿಂತಿತು.

"ರೀ," ಎಂದಳು. ಒಂದೇ ಅಕ್ಷರ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಅಕ್ಷರವನ್ನು ಅಷ್ಟು ಉದ್ದಕ್ಕೆ ನಾನು ಕೇಳಿರಲಿಲ್ಲ.

ಒಪ್ಪಂದವಾಯಿತು. ಅವಳು ಹೊಲಿಯುವಾಗ ನನ್ನ ಗಣಿ ಬಂದ್. ಅವಳು ಎದ್ದಾಗ ಚಾಲೂ.

ಎರಡನೆಯ ದಿನ ಪಕ್ಕದ ಮನೆಯ ಗೌರಮ್ಮ ಡಬ್ಬಿ ತುಂಬ ರಾಗಿ ಹೊತ್ತುಕೊಂಡು ಬಂದರು. "ಗಿರಣಿ ಹಾಕಿದೀಯಂತಲ್ಲಪ್ಪಾ, ಒಳ್ಳೇದಾಯ್ತು. ಇದೊಂದು ಬೀಸ್ಕೊಡು."

ಮೊದಲೇ ತಲೆ ಕೆಟ್ಟಿತ್ತು. "ಗಿರಣಿ ಅಲ್ಲ ಗೌರಮ್ಮ. ಇದು ರಾಗಿ ಬೀಸಲ್ಲ," ಎಂದು ಗದರಿದೆ.

"ಬಯ್ಯೋದ್ಯಾಕೆ? ಹಂಗಾದ್ರೆ ಏನು ಬೀಸ್ತದೆ?"

"ಲೆಕ್ಕ."

ಗೌರಮ್ಮ ಒಳಗೆ ಇಣುಕಿ ನೋಡಿದರು. "ನುಣ್ಣಗೆ ಬತ್ತದಾ?"

ಬಹಳ ನುಣ್ಣಗೆ ಬರುತ್ತಿತ್ತು. ಅಂದು ಊಟದ ಹೊತ್ತಿಗೆ ಫೋನಿನಲ್ಲಿ ಸಂಪಾದನೆ ನೋಡಿ ನಾಗರತ್ನಳಿಗೆ ಓದಿ ಹೇಳಿದೆ. "ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ..."

"ಸೊನ್ನೆ ಮುಗಿದ ಮೇಲೆ ಕರೀರಿ, ಅನ್ನ ಬಡಿಸ್ತೀನಿ," ಎಂದು ಎದ್ದು ಹೋದಳು.

ಬುಧವಾರ ಬಂತು. ಮರುದಿನ ಬೆಳಿಗ್ಗೆ ಬ್ಲೌಸುಗಳು ತರೀಕೆರೆಗೆ ಹೊರಡಬೇಕು. ಒಂಬತ್ತೂ ಹೊಲಿದು ಮುಗಿದಿದ್ದವು. ತೋಳಿಗೆ, ಬೆನ್ನಿಗೆ ಸಾಸಿವೆ ಕಾಳಿನಷ್ಟು ಸಣ್ಣ ಮಿಣುಕು ಕಲ್ಲುಗಳನ್ನು ಗಮ್ಮಿನಲ್ಲಿ ಅಂಟಿಸಿ, ಒಣಗಲೆಂದು ಸಾಲಾಗಿ ಹ್ಯಾಂಗರಿಗೆ ಹಾಕಿದ್ದಳು. ನಸುಕಿನಿಂದ ಕತ್ತು ಬಗ್ಗಿಸಿ ಮಾಡಿದ ಕೆಲಸ. "ಹುಕ್ ತರೋಕೆ ಅಂಗಡಿಗೆ ಹೋಗಿ ಬತ್ತೀನಿ. ಆ ಕೋಣೆಗೆ ಕಾಲಿಡಬೇಡಿ, ಗಮ್ಮು ಹಸಿ ಐತೆ," ಎಂದು ಹೋದಳು.

ನಾನು ಕಾಲಿಡಲಿಲ್ಲ. ಇದನ್ನು ಯಾವ ನ್ಯಾಯಾಲಯದಲ್ಲಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ರಜೆ ಹಾಕಿ ಮನೆಯಲ್ಲಿದ್ದ ನಾನು ಅವಳು ಗೇಟು ದಾಟಿದ ಕೂಡಲೇ ಗಣಿ ಚಾಲೂ ಮಾಡಿದೆ. ಹತ್ತು ನಿಮಿಷಕ್ಕೆ ಉಗ್ರಾಣ ಬಾಣಲೆಯಾಯಿತು. ಎರಡೂ ಕಿರುಚಿ ತಾವಾಗಿಯೇ ನಿಂತವು. ಬೆಂಕಿ ಹತ್ತುತ್ತದೆಂಬ ಚಿಂತೆ ನನಗೆ ಹತ್ತಿತು. ಸತೀಶನಿಗೆ ಫೋನು ಮಾಡಿದೆ.

"ಹೀಟಾಗೈತೆ ಸಾರ್. ಬಿಸಿ ಗಾಳಿ ಹೋಗೋಕೆ ದಾರಿ ಮಾಡಿ."

"ಇದನ್ನ ಮೊದ್ಲೇ ಯಾಕೆ ಹೇಳಲಿಲ್ಲ? ವಾಪಸ್ ತಗಳಪ್ಪಾ, ಎರಡನ್ನೂ."

"ಬೇರೆಯೋರಾಗಿದ್ರೆ ತಗಳ್ತಿದ್ದೆ ಸಾರ್. ಟವೆಲ್ ವ್ಯಾಪಾರ, ವಾಪಸ್ ತಗಂಡ್ರೆ ಯಜಮಾನ್ರಿಗೆ ಅವಮಾನ."

ಸಿಟ್ಟಿನಲ್ಲಿ ದಾರಿ ಹುಡುಕಿದೆ. ಉಗ್ರಾಣದ ಕಿಟಕಿ ತೆರೆದರೆ ಗೌರಮ್ಮನ ಅಡುಗೆಮನೆ. ಉಳಿದದ್ದು ಹೊಲಿಗೆ ಕೋಣೆಯ ಕಡೆಗಿದ್ದ ಬೆಳಕಿಂಡಿ. ಅದಕ್ಕೆ ಹೊಡೆದಿದ್ದ ರಟ್ಟು ಕಿತ್ತು, ಹಲಗೆಯ ಮೇಲೆ ಎರಡೂ ಪೆಟ್ಟಿಗೆ ಏರಿಸಿ, ಮುಖ ಅತ್ತ ತಿರುಗಿಸಿ ಸ್ವಿಚ್ಚು ಹಾಕಿದೆ. ಬಿಸಿ ಗಾಳಿ ಬುಸ್ಸೆಂದು ಆಚೆ ಹೋಯಿತು. ಗಣಿ ತಣ್ಣಗೆ ಓಡತೊಡಗಿತು. ಬ್ಲೌಸಿನ ಗಮ್ಮು ಕೂಡ ಬೇಗ ಒಣಗುತ್ತದಲ್ಲ ಎಂದು ಹೊಳೆದು ನನ್ನ ಬುದ್ಧಿಗೆ ನಾನೇ ಬೆರಗಾದೆ. ಕಾಫಿ ಮಾಡಿಕೊಂಡು ಕುಡಿದೆ.

ನಾಗರತ್ನ ಬಂದು ಬಾಗಿಲು ತೆಗೆದಳು. ನಾನು ಅವಳ ಹೆಗಲ ಮೇಲಿಂದ ನೋಡಿದೆ. ಒಂಬತ್ತು ಬ್ಲೌಸುಗಳೂ ಹ್ಯಾಂಗರಿನಲ್ಲಿ ಬಿರುಗಾಳಿಗೆ ಸಿಕ್ಕ ಬಾವುಟಗಳಂತೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಒಂದೊಂದು ಹೊಡೆತಕ್ಕೂ ಹಸಿ ಗಮ್ಮಿನಿಂದ ಕಲ್ಲುಗಳು ಚಿಮ್ಮಿ ನೆಲಕ್ಕೆ, ಮಂಚದಡಿಗೆ, ಬಟ್ಟೆ ಚೂರಿನ ರಾಶಿಗೆ ಬೀಳುತ್ತಿದ್ದವು.

ಅವಳು ಉಗ್ರಾಣಕ್ಕೆ ಹೋಗಿ ಮೇನ್ ಸ್ವಿಚ್ಚು ಇಳಿಸಿ ಬಂದು ನೆಲದ ಮೇಲೆ ಕೂತಳು. ಒಂದು ಬ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೋಳು ತೋಳನ್ನು ಸವರಿದಳು. ಕಣ್ಣಲ್ಲಿ ನೀರು ಬಂದಿತ್ತು.

"ಆ ಹುಡುಗಿ ನಾಳೆ ಬೆಳಿಗ್ಗೆ ಕಾಯ್ತಾ ಇರ್ತಾಳೆ ಕಣ್ರೀ," ಎಂದಳು. "ನಿಮ್ಮನ್ನ ನಂಬಿ ನಾನು ಯಾವತ್ತೂ ಏನೂ ಕೇಳಿಲ್ಲ. ಕಾಲಿಡಬೇಡಿ ಅಂದೆ, ಅಷ್ಟೇ."

"ಕಾಲಿಡಲಿಲ್ಲ ಕಣೇ," ಎಂದೆ. ಹೇಳಬಾರದ ಹೊತ್ತಿನಲ್ಲಿ ಹೇಳಿದ ನಿಜಕ್ಕಿಂತ ದೊಡ್ಡ ಮೂರ್ಖತನವಿಲ್ಲ.

ಕತ್ತರಿ ಎತ್ತಿ ಟೇಬಲಿನ ಮೇಲೆ ಇಟ್ಟಳು. ಶಬ್ದ ಸ್ವಲ್ಪ ಜೋರಾಗಿತ್ತು. "ಅಂಗಡೀಲಿ ಈ ಕಲ್ಲು ಇನ್ನಿಲ್ಲ. ಇಲ್ಲಿರೋದೆಲ್ಲ ಆರಿಸಿ ಕೊಡಿ. ಒಂದೂ ಬಿಡಬೇಡಿ."

ಮಂಡಿಯೂರಿ ಕೂತೆ. ಚಿಮಟ ಹಿಡಿದು, ಕನ್ನಡಕ ಮೂಗಿನ ತುದಿಗೆ ತಂದು, ಒಂದೊಂದೇ ಕಲ್ಲು ಆರಿಸಿದೆ. ಅಷ್ಟೊತ್ತಿಗೆ ನಮ್ಮ ಮಾವ, ಜೋಡಿ ಹೇಗೆ ಗೇಯುತ್ತಿದೆ ನೋಡೋಣವೆಂದು ದೇವನೂರಿನಿಂದ ಬಂದರು. ಮಗಳ ಮುಖ ನೋಡಿದರು, ನನ್ನ ಭಂಗಿ ನೋಡಿದರು, ಟವೆಲನ್ನು ನೆಲಕ್ಕೆ ಹಾಸಿದರು. ಅಡುಗೆಮನೆಯಿಂದ ಮೊರ ತಂದು ಕಸಗುಡಿಸಿದ ಧೂಳನ್ನು ಕೇರತೊಡಗಿದರು. ಸುದ್ದಿ ಕೇಳಿ ಗೌರಮ್ಮನೂ ಬಂದು ರಾಗಿಯಲ್ಲಿ ಕಲ್ಲು ಆರಿಸಿದ ಅನುಭವವನ್ನು ಧಾರೆ ಎರೆದರು.

"ಇದೇನಪ್ಪಾ ನಿನ್ನ ಮಿಷನ್ನು ಬೀಸಿದ್ದು? ಪರವಾಗಿಲ್ಲ, ನುಣ್ಣಗೇ ಐತೆ."

ಯಾರೂ ನಗಲಿಲ್ಲ. ನಾಗರತ್ನಳ ತುಟಿ ಮಾತ್ರ ಸ್ವಲ್ಪ ಅಲ್ಲಾಡಿತು. ನನಗೆ ಅಷ್ಟು ಸಾಕಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಕೊನೆಯ ಕಲ್ಲು ನನ್ನ ಅಂಗಿಯ ಜೇಬಿನಲ್ಲೇ ಸಿಕ್ಕಿತು. ರಾತ್ರಿಯೆಲ್ಲ ನಾನು ಒಂದೊಂದೇ ಎತ್ತಿಕೊಟ್ಟೆ, ನಾಗರತ್ನ ಮತ್ತೆ ಅಂಟಿಸಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ತರೀಕೆರೆಗೆ ಹೋಗಿ ಒಂಬತ್ತೂ ಬ್ಲೌಸು ತಲುಪಿಸಿ ಬಂದೆ. ಮದುವೆ ಹೆಣ್ಣು ತೋಳಿನ ಕಲ್ಲುಗಳನ್ನು ಬೆಳಕಿಗೆ ಹಿಡಿದು, "ಒಂದೊಂದೂ ಎಷ್ಟು ಅಚ್ಚುಕಟ್ಟಾಗಿ ಕೂರಿಸಿದಾರೆ," ಎಂದಳಂತೆ. ಅಂತೆ ಏಕೆಂದರೆ, ಗೇಟಿನ ಹೊರಗೇ ನಿಲ್ಲಿ ಎಂದು ಹೆಂಡತಿ ನನಗೆ ಅಪ್ಪಣೆ ಮಾಡಿ ಕಳಿಸಿದ್ದಳು.

ಜೋಡಿ ಈಗ ಉಗ್ರಾಣದಲ್ಲಿ, ಅದೇ ಟವೆಲು ಹೊದ್ದು ಮಲಗಿದೆ. ಮನೆಯಲ್ಲೇ ಗಣಿಗಾರಿಕೆ ಮಾಡಲು ಕೈಗೆಟುಕುವ ಬೆಲೆಯ ಸಲಕರಣೆ ಯಾವುದು ಎಂದು ಯಾರಾದರೂ ಕೇಳಿದರೆ, ನೋಟ್‌ಬುಕ್ ನೋಡದೆಯೇ ಅಧಿಕೃತವಾಗಿ ಹೇಳಬಲ್ಲೆ: ಒಂದು ಚಿಮಟ, ಒಂದು ಮೊರ, ಎರಡು ಮಂಡಿ. ಕರೆಂಟು ಬೇಡ, ಶಬ್ದವಿಲ್ಲ. ಏಳುವಾಗ ಮಾತ್ರ ಲಟಕ್ ಎನ್ನುತ್ತದೆ. ಮಂಡಿ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ನನ್ನವು ಐವತ್ತೆರಡು ವರ್ಷ ಹಳೆಯವು, ಜೋಡಿ.